ಅನ್ನ ಬೇಯುವುದನ್ನು ಕಾಯುವವರು ಯಾರು?

1955ರ ಡಿಸೆಂಬರ್‌ನಲ್ಲಿ ಜಪಾನಿನ ತೋಷಿಬಾ ಕಂಪನಿ ಒಂದು ಹೊಸ ಪಾತ್ರೆಯನ್ನು ಮಾರುಕಟ್ಟೆಗೆ ತಂದಿತು. ನೋಡುವುದಕ್ಕೆ ಅದರಲ್ಲಿ ವಿಶೇಷವೇನೂ ಇರಲಿಲ್ಲ. ದುಂಡನೆಯ ಬಿಳಿ ಡಬ್ಬಿ, ಮೇಲೊಂದು ಮುಚ್ಚಳ, ಪಕ್ಕದಲ್ಲೊಂದು ಗುಂಡಿ, ಕರೆಂಟಿಗೆ ಸಿಕ್ಕಿಸಲು ಒಂದು ತಂತಿ. ಬೆಲೆ 3,200 ಯೆನ್. ಕಾಲೇಜು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವನ ತಿಂಗಳ ಸಂಬಳದಲ್ಲಿ ಸುಮಾರು ಮೂರನೆಯ ಒಂದು ಪಾಲು. ಇಷ್ಟು ದುಡ್ಡು ಕೊಟ್ಟು ಅನ್ನ ಮಾಡುವ ಪಾತ್ರೆ ಕೊಳ್ಳುವವರು ಯಾರಿದ್ದಾರೆ ಎಂದು ಕಂಪನಿಯವರಿಗೇ ಅನುಮಾನವಿತ್ತು. ಮೊದಲ ಕಂತಿನಲ್ಲಿ ತಯಾರಿಸಿದ್ದು ಕೇವಲ 700 ಪಾತ್ರೆಗಳನ್ನು.

ಆ ಪಾತ್ರೆ ಮಾಡುತ್ತಿದ್ದ ಕೆಲಸ ಒಂದೇ. ಅಕ್ಕಿ, ನೀರು ಹಾಕಿ ಗುಂಡಿ ಒತ್ತಿದರೆ ಅನ್ನವಾದ ಮೇಲೆ ತಾನಾಗಿಯೇ ಆರಿಹೋಗುತ್ತಿತ್ತು. ಈ ‘ತಾನಾಗಿಯೇ’ ಎಂಬ ಒಂದು ಮಾತಿನ ಹಿಂದೆ ಎಷ್ಟು ಜನರ ಸೋಲು, ಒಬ್ಬ ಗೃಹಿಣಿಯ ಎಷ್ಟು ವರ್ಷಗಳ ದುಡಿಮೆ ಇದೆ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದು. ಇಂದು ಅಂಗಡಿಯಲ್ಲಿ ಸಾಲಾಗಿ ಇಟ್ಟಿರುವ ಹತ್ತಾರು ರೈಸ್ ಕುಕ್ಕರುಗಳ ಮುಂದೆ ನಿಂತು ಯಾವುದನ್ನು ಕೊಳ್ಳಲಿ ಎಂದು ತಲೆ ಕೆರೆದುಕೊಳ್ಳುವವರಿಗೆ ಆ ಕಥೆ ಸ್ವಲ್ಪ ಉಪಯೋಗಕ್ಕೂ ಬಂದೀತು.

ಅಡುಗೆಯ ಕೆಲಸಗಳಲ್ಲಿ ಅನ್ನ ಮಾಡುವುದು ಅತಿ ಸುಲಭ ಎಂದು ಅಡುಗೆ ಮಾಡದವರ ನಂಬಿಕೆ. ಅಕ್ಕಿ ತೊಳೆದು ನೀರಿಟ್ಟರೆ ಆಯಿತಲ್ಲ! ಕಷ್ಟ ಇರುವುದು ಮಾಡುವುದರಲ್ಲಲ್ಲ, ಕಾಯುವುದರಲ್ಲಿ. ಉಕ್ಕಿ ಒಲೆಗೆ ಚೆಲ್ಲಬಾರದು, ತಳ ಹಿಡಿಯಬಾರದು, ಮೇಲೆ ಬೆಂದು ನಡುವೆ ಹಸಿಯಾಗಿರಬಾರದು. ಒಲೆಯ ಉರಿ ಹೆಚ್ಚು ಕಡಿಮೆ ಮಾಡುತ್ತ ಅಲ್ಲೇ ಇರಬೇಕು. ಜಪಾನಿನಲ್ಲಿ ಮಣ್ಣಿನ ಒಲೆಗೆ ಕಮಾದೊ ಎಂದು ಹೆಸರು. ಅದರ ಬಾಯಿಗೆ ಸರಿಯಾಗಿ ಕೂರುವಂತೆ ಸುತ್ತ ಅಂಚಿದ್ದ ಕಬ್ಬಿಣದ ಪಾತ್ರೆ, ಅದರ ಮೇಲೆ ದಪ್ಪ ಮರದ ಮುಚ್ಚಳ. ಮೊದಲು ಸಣ್ಣ ಉರಿ, ಆಮೇಲೆ ಜೋರು ಉರಿ, ಕೊನೆಗೆ ಕೆಂಡ ಮಾತ್ರ. ಏನೇ ಆದರೂ ನಡುವೆ ಮುಚ್ಚಳ ತೆಗೆಯಕೂಡದು. ಇದು ಅಲ್ಲಿನ ಅತ್ತೆಯರು ಸೊಸೆಯರಿಗೆ ಹೇಳಿಕೊಡುತ್ತಿದ್ದ ಪಾಠ. ಮನೆಯವರೆಲ್ಲ ಏಳುವ ಮುಂಚೆ, ಇನ್ನೂ ಕತ್ತಲಿರುವಾಗಲೇ ಎದ್ದು ಸೌದೆ ಹೊತ್ತಿಸುವವಳು ಮನೆಯ ಹೆಂಗಸು. ಊದುಗೊಳವೆ ಹಿಡಿದು ಕಣ್ಣೊರೆಸಿಕೊಳ್ಳುವ ಆ ಚಿತ್ರ ನಮ್ಮ ಹಳ್ಳಿಗಳಿಗೂ ಹೊಸದಲ್ಲ.

ಈ ಕಾಯುವ ಕೆಲಸವನ್ನು ವಿದ್ಯುತ್ತಿಗೆ ಒಪ್ಪಿಸುವ ಯೋಚನೆ ಮೊದಲು ಬಂದದ್ದು ಸೈನ್ಯಕ್ಕೆ. 1937ರ ಸುಮಾರಿಗೆ ಜಪಾನಿನ ಸೇನೆ ಬಳಸುತ್ತಿದ್ದ ಅಡುಗೆ ವಾಹನದಲ್ಲಿ ಮರದ ಪೆಟ್ಟಿಗೆಯೊಳಗೆ ಲೋಹದ ತಗಡುಗಳನ್ನಿಟ್ಟು, ಅಕ್ಕಿ ಮತ್ತು ನೀರಿನ ಮೂಲಕವೇ ವಿದ್ಯುತ್ ಹಾಯಿಸಿ ಬೇಯಿಸುವ ವ್ಯವಸ್ಥೆ ಇತ್ತು. ಯುದ್ಧ ಮುಗಿದ 1945ರಲ್ಲಿ ಮಿತ್ಸುಬಿಷಿ ಕಂಪನಿ ಅಲ್ಯೂಮಿನಿಯಂ ಪಾತ್ರೆಗೆ ಕಾಯಿಸುವ ಸುರುಳಿ ಜೋಡಿಸಿ ಮನೆಬಳಕೆಗೆ ತಂದಿತು. ಆದರೆ ಅದು ತಾನಾಗಿ ನಿಲ್ಲುತ್ತಿರಲಿಲ್ಲ. ಸೌದೆ ಒಲೆಯ ಮುಂದೆ ಕೂರುವ ಬದಲು ಕರೆಂಟಿನ ಒಲೆಯ ಮುಂದೆ ಕೂರಬೇಕಾಯಿತು, ಅಷ್ಟೇ.

ಅದೇ ವರ್ಷ ಬಾಂಬು ಬಿದ್ದು ಹಾಳಾಗಿದ್ದ ಟೋಕಿಯೋ ನಗರದ ಒಂದು ಡಿಪಾರ್ಟ್‌ಮೆಂಟ್ ಸ್ಟೋರಿನ ಮೂರನೆಯ ಮಹಡಿಯಲ್ಲಿ ಮಸಾರು ಇಬುಕಾ ಎಂಬ ಎಂಜಿನಿಯರ್ ಸಣ್ಣದೊಂದು ವರ್ಕ್‌ಶಾಪ್ ತೆರೆದಿದ್ದರು. ಯುದ್ಧಸಾಮಗ್ರಿಯ ಕಾರ್ಖಾನೆಗಳು ಮುಚ್ಚಿದ್ದರಿಂದ ವಿದ್ಯುತ್ತಿಗೆ ಕೊರತೆಯಿರಲಿಲ್ಲ, ಕೊರತೆ ಇದ್ದದ್ದು ಸೌದೆಗೆ. ಮರದ ತೊಟ್ಟಿಯ ತಳಕ್ಕೆ ಅಲ್ಯೂಮಿನಿಯಂ ತಗಡು ಬಡಿದು ಅವರೊಂದು ಅನ್ನದ ಪಾತ್ರೆ ತಯಾರಿಸಿದರು. ಅಕ್ಕಿಯ ಗುಣ, ನೀರಿನ ಪ್ರಮಾಣ ಸ್ವಲ್ಪ ಬದಲಾದರೂ ಒಂದು ದಿನ ಮುದ್ದೆ, ಇನ್ನೊಂದು ದಿನ ಹಸಿ ಅಕ್ಕಿ. ಒಂದು ಪಾತ್ರೆಯೂ ಮಾರಾಟವಾಗಲಿಲ್ಲ. ಆ ವರ್ಕ್‌ಶಾಪೇ ಮುಂದೆ ಸೋನಿ ಕಂಪನಿಯಾಗಿ ಟ್ರಾನ್ಸಿಸ್ಟರ್ ರೇಡಿಯೋ, ವಾಕ್‌ಮನ್‌ಗಳಿಂದ ಜಗತ್ತನ್ನು ಗೆದ್ದಿತು. ಅಂಥವರನ್ನೂ ಸೋಲಿಸಿದ್ದು ಅನ್ನ!

ಈಗ ತೋಷಿಬಾದ ಕಥೆ. ಆ ಕಂಪನಿಯ ಮಾರಾಟ ವಿಭಾಗದಲ್ಲಿದ್ದ ಶೋಗೊ ಯಮಾದಾ ಬಟ್ಟೆ ಒಗೆಯುವ ಯಂತ್ರ ಮಾರುತ್ತ ಊರೂರು ಸುತ್ತುತ್ತಿದ್ದವರು. ಮನೆಗೆಲಸದಲ್ಲಿ ಯಾವುದು ಹೆಚ್ಚು ಕಷ್ಟ ಎಂದು ಹೆಂಗಸರನ್ನು ಕೇಳಿದರೆ, ಬಟ್ಟೆಗಿಂತ ದಿನಾ ಮೂರು ಹೊತ್ತು ಅನ್ನ ಮಾಡುವುದೇ ಕಷ್ಟ ಎಂಬ ಉತ್ತರ ಬಂತು. ಕಂಪನಿಯ ಎಂಜಿನಿಯರುಗಳು ಈ ಮೊದಲೇ ಪ್ರಯತ್ನಿಸಿ ಕೈಬಿಟ್ಟಿದ್ದರು. ಯಮಾದಾ ಈ ಕೆಲಸವನ್ನು ಟೋಕಿಯೋದ ಸಣ್ಣ ಕಾರ್ಖಾನೆಯೊಂದರ ಮಾಲೀಕ ಯೋಶಿತಾದಾ ಮಿನಾಮಿಗೆ ವಹಿಸಿದರು. ತೋಷಿಬಾಗೆ ನೀರು ಕಾಯಿಸುವ ಉಪಕರಣ ಮಾಡಿಕೊಡುತ್ತಿದ್ದ ಮಿನಾಮಿಗೆ ವ್ಯಾಪಾರ ಕುಸಿದಿತ್ತು. ಬಂದ ಕೆಲಸವನ್ನು ಬಿಡುವಂತಿರಲಿಲ್ಲ. ಮನೆಯನ್ನು ಅಡವಿಟ್ಟು ಪ್ರಯೋಗಕ್ಕಿಳಿದರು.

ಆದರೆ ಅನ್ನ ಹೇಗೆ ಆಗುತ್ತದೆ ಎಂಬುದು ಮಿನಾಮಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೆಂಡತಿ ಫುಮಿಕೊಗೆ. ಪ್ರಯೋಗದ ಹೊಣೆಯೆಲ್ಲ ಆಕೆಯ ಮೇಲೆ ಬಿತ್ತು. ಸೌದೆ ಒಲೆ, ಗ್ಯಾಸು, ಕರೆಂಟು, ಹೀಗೆ ಒಂದೊಂದರ ಮೇಲೂ ಅನ್ನ ಮಾಡುವುದು, ಎಷ್ಟು ಹೊತ್ತಿಗೆ ಎಷ್ಟು ಶಾಖ ಎಂದು ಬರೆದಿಡುವುದು, ರುಚಿ ನೋಡುವುದು. ಮನೆಯಲ್ಲಿ ಮಕ್ಕಳು, ಕಾರ್ಖಾನೆಯಲ್ಲಿ ಸಾಲ, ಅಡುಗೆಮನೆಯಲ್ಲಿ ದಿನವಿಡೀ ಅನ್ನ. ಸುಮಾರು ಮೂರು ವರ್ಷ ಇದು ನಡೆಯಿತು. ಕೊನೆಗೆ ಸಿಕ್ಕಿದ ಸೂತ್ರ ಸರಳವಾಗಿತ್ತು: ನೀರು ಕುದಿಯಲು ಆರಂಭಿಸಿದ ಮೇಲೆ ಅಕ್ಕಿಯನ್ನು ಸುಮಾರು 98 ಡಿಗ್ರಿ ಶಾಖದಲ್ಲಿ 20 ನಿಮಿಷ ಇಟ್ಟರೆ ಅದರ ಪಿಷ್ಟ ಸರಿಯಾಗಿ ಅರಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಹಸಿ, ಹೆಚ್ಚಾದರೆ ಸೀದ ವಾಸನೆ.

ಇಪ್ಪತ್ತು ನಿಮಿಷವನ್ನು ಯಂತ್ರಕ್ಕೆ ತಿಳಿಸುವುದು ಹೇಗೆ? ಗಡಿಯಾರ ಇಟ್ಟರೆ ಸಾಲದು. ಅಕ್ಕಿ ಹೆಚ್ಚಿದ್ದರೆ ಕುದಿ ಬರುವುದಕ್ಕೆ ಹೆಚ್ಚು ಹೊತ್ತು, ಕಡಿಮೆಯಿದ್ದರೆ ಕಡಿಮೆ ಹೊತ್ತು. ಕುದಿ ಬಂದದ್ದು ಯಾವಾಗ ಎಂಬುದು ಗಡಿಯಾರಕ್ಕೆ ತಿಳಿಯದು. ಮಿನಾಮಿ ದಂಪತಿ ಕಂಡುಕೊಂಡ ಉಪಾಯ ಬಹಳ ಸೊಗಸಾದದ್ದು. ಪಾತ್ರೆಯೊಳಗೊಂದು ಪಾತ್ರೆ. ಒಳಗಿನದರಲ್ಲಿ ಅಕ್ಕಿ, ನೀರು. ಹೊರಗಿನದರಲ್ಲಿ ಒಂದು ಲೋಟದಷ್ಟು ನೀರು ಮಾತ್ರ. ಆ ಒಂದು ಲೋಟ ನೀರು ಕುದಿದು ಆವಿಯಾಗಿ ಮುಗಿಯುವುದಕ್ಕೆ ಸುಮಾರು 20 ನಿಮಿಷ ಬೇಕು. ನೀರು ಇರುವವರೆಗೆ ಶಾಖ 100 ಡಿಗ್ರಿ ದಾಟುವುದಿಲ್ಲ, ನೀರು ಮುಗಿದ ಕ್ಷಣ ಸರ್ರನೆ ಏರುತ್ತದೆ. ಶಾಖಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ಆಗ ಬಾಗಿ, ವಿದ್ಯುತ್ ಸಂಪರ್ಕ ತಪ್ಪಿಸುತ್ತದೆ. ಗಡಿಯಾರದ ಕೆಲಸವನ್ನು ನೀರೇ ಮಾಡಿತು. ಚಳಿಗಾಲದ ಗಾಳಿಗೆ ಈ ಲೆಕ್ಕ ತಪ್ಪದಿರಲೆಂದು ಹೊರಗೆ ಇನ್ನೊಂದು ಕವಚ ಹಾಕಿದರು.

ಮಾರುವ ಕೆಲಸವೂ ಸುಲಭವಾಗಿರಲಿಲ್ಲ. ಅನ್ನ ಮಾಡುವುದಕ್ಕೂ ಸೋಮಾರಿತನವೇ ಎಂದು ಮೂಗು ಮುರಿದವರು ಬಹಳ. ಯಮಾದಾ ಜನರೆದುರಿಗೇ ಪಾತ್ರೆ ಇಟ್ಟು, ಸೌದೆ ಒಲೆಯಲ್ಲಿ ಬೇಗ ತಳ ಹಿಡಿಯುವ, ಸೋಯಾ ರಸ ಬೆರೆಸಿದ ಅನ್ನವನ್ನೇ ಮಾಡಿ ತೋರಿಸಿದರು. ವಿದ್ಯುತ್ ಕಂಪನಿಗಳ ಮೂಲಕವೂ ಪಾತ್ರೆ ಮನೆ ಸೇರಿತು. ಕರೆಂಟು ಹೆಚ್ಚು ಖರ್ಚಾದರೆ ಅವರಿಗೂ ಲಾಭವೇ ತಾನೆ? ನಾಲ್ಕು ವರ್ಷಗಳಲ್ಲಿ ಜಪಾನಿನ ಸುಮಾರು ಅರ್ಧದಷ್ಟು ಮನೆಗಳಿಗೆ ಅನ್ನದ ಕುಕ್ಕರ್ ಬಂತು. ಫುಮಿಕೊ ಮಿನಾಮಿ 1959ರಲ್ಲಿ, ತಮ್ಮ 45ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪಾತ್ರೆಯ ಮೇಲೆ ಇದ್ದ ಹೆಸರು ತೋಷಿಬಾ.

1956ರಲ್ಲೇ ಮಾತ್ಸುಶಿತಾ ಕಂಪನಿ ತನ್ನ ನ್ಯಾಷನಲ್ ಹೆಸರಿನ ಕುಕ್ಕರಿನೊಂದಿಗೆ ಪೈಪೋಟಿಗಿಳಿಯಿತು. ಹೊರಪಾತ್ರೆಗೆ ನೀರು ಹಾಕುವ ರಗಳೆ ಮುಂದಿನ ಮಾದರಿಗಳಲ್ಲಿ ತಪ್ಪಿತು. ಇಂದು ನಮ್ಮಲ್ಲಿ ಮಾರಾಟವಾಗುವ ಸಾದಾ ರೈಸ್ ಕುಕ್ಕರಿನ ತಳದಲ್ಲಿ, ಪಾತ್ರೆಗೆ ತಾಗಿ ಕೂರುವ ಒಂದು ಗುಂಡನೆಯ ಬಿಲ್ಲೆ ಇದೆಯಲ್ಲ, ಅದರೊಳಗಿರುವುದು ಅಯಸ್ಕಾಂತ ಮತ್ತು ಒಂದು ವಿಶೇಷ ಲೋಹವಸ್ತು. ಗುಂಡಿ ಒತ್ತಿದಾಗ ಎರಡೂ ಅಂಟಿಕೊಳ್ಳುತ್ತವೆ. ಪಾತ್ರೆಯಲ್ಲಿ ನೀರಿರುವವರೆಗೆ ತಳದ ಶಾಖ 100ರ ಆಸುಪಾಸಿನಲ್ಲೇ ಇರುತ್ತದೆ. ಅಕ್ಕಿ ನೀರನ್ನೆಲ್ಲ ಹೀರಿಕೊಂಡ ಮೇಲೆ ಶಾಖ ಇನ್ನಷ್ಟು ಏರಿದೊಡನೆ ಆ ವಸ್ತು ತನ್ನ ಕಾಂತಗುಣ ಕಳೆದುಕೊಳ್ಳುತ್ತದೆ. ಸ್ಪ್ರಿಂಗ್ ಅದನ್ನು ಕೆಳಗೆ ತಳ್ಳುತ್ತದೆ. ‘ಟಕ್’ ಎಂಬ ಸದ್ದಿನೊಂದಿಗೆ ಗುಂಡಿ ಮೇಲೇಳುತ್ತದೆ. ಕಂಪ್ಯೂಟರೂ ಇಲ್ಲ, ಗಡಿಯಾರವೂ ಇಲ್ಲ. ಆದ್ದರಿಂದಲೇ ಸಾದಾ ಕುಕ್ಕರುಗಳು ಹತ್ತು ಹದಿನೈದು ವರ್ಷ ತಕರಾರಿಲ್ಲದೆ ನಡೆಯುವುದುಂಟು.

ಕುಕ್ಕರಿನೊಂದಿಗೆ ಬರುವ ಪ್ಲಾಸ್ಟಿಕ್ ಲೋಟದಲ್ಲೂ ಜಪಾನಿನ ಗುರುತಿದೆ. ಸಾಮಾನ್ಯವಾಗಿ ಅದರ ಅಳತೆ 180 ಮಿಲಿಲೀಟರ್. ಇನ್ನೂರಲ್ಲ, ಇನ್ನೂರೈವತ್ತಲ್ಲ, ಈ ನೂರಎಂಬತ್ತು ಎಲ್ಲಿಂದ ಬಂತು? ನಮ್ಮಲ್ಲಿ ಪಾವು, ಸೇರು ಇದ್ದಂತೆ ಜಪಾನಿನಲ್ಲಿ ಅಕ್ಕಿ ಅಳೆಯಲು ಗೋ, ಶೋ ಎಂಬ ಅಳತೆಗಳಿದ್ದವು. ಒಂದು ಗೋ ಎಂದರೆ 180 ಮಿಲಿಲೀಟರ್, ಹತ್ತು ಗೋ ಸೇರಿದರೆ ಒಂದು ಶೋ, ಅಂದರೆ 1.8 ಲೀಟರ್. ಅಂಗಡಿಯಲ್ಲಿ ಕಾಣುವ 1.8 ಲೀಟರಿನ ಕುಕ್ಕರು ಮೂಲದಲ್ಲಿ ಒಂದು ಶೋ ಅಕ್ಕಿಯ ಪಾತ್ರೆ. ಮೀಟರು ಲೀಟರು ಬಂದು ದಶಕಗಳಾದರೂ ಅನ್ನದ ಪಾತ್ರೆ ಮಾತ್ರ ತನ್ನ ಹಳೆಯ ಸೇರನ್ನು ಬಿಟ್ಟುಕೊಟ್ಟಿಲ್ಲ.

ಯಂತ್ರ ಬೇರೆ ದೇಶಕ್ಕೆ ಹೋದಾಗ ಅಲ್ಲಿನ ಊಟಕ್ಕೆ ತಕ್ಕಂತೆ ಬಗ್ಗಬೇಕಾಗುತ್ತದೆ. ಹಾಂಗ್‌ಕಾಂಗಿನಲ್ಲಿ ನ್ಯಾಷನಲ್ ಕುಕ್ಕರ್ ಮಾರುತ್ತಿದ್ದ ವ್ಯಾಪಾರಿ ವಿಲಿಯಂ ಮಾಂಗ್‌ಗೆ ಈ ಸಮಸ್ಯೆ ಎದುರಾಯಿತು. ಜಪಾನಿನವರು ಮುಚ್ಚಳ ತೆಗೆಯುವುದಿಲ್ಲ. ಹಾಂಗ್‌ಕಾಂಗಿನವರು ನೀರು ಇಂಗುತ್ತಿರುವಾಗ ಮುಚ್ಚಳ ತೆಗೆದು ಮಾಂಸದ ತುಂಡುಗಳನ್ನು ಅನ್ನದ ಮೇಲಿಟ್ಟು ಬೇಯಿಸುವವರು. ಒಳಗೆ ನೀರು ಎಷ್ಟಿದೆ ಎಂದು ಕಾಣಬೇಕು. ಕೊನೆಗೆ ಮುಚ್ಚಳಕ್ಕೆ ಗಾಜಿನ ಕಿಟಕಿ ಬಂತು.

ಹಾಗಾದರೆ ಅನ್ನ ಉಣ್ಣುವ ದಕ್ಷಿಣ ಭಾರತಕ್ಕೆ ಈ ಪಾತ್ರೆ ಬರುವುದಕ್ಕೆ ಅಷ್ಟು ಕಾಲ ಹಿಡಿದದ್ದೇಕೆ? ಕಾಯುವ ಕೆಲಸ ತಪ್ಪಿಸಿಕೊಳ್ಳಬೇಕೆಂಬ ಆಸೆ ನಮ್ಮವರಿಗೆ ಇರಲಿಲ್ಲವೆಂದಲ್ಲ. 1910ರಷ್ಟು ಹಿಂದೆಯೇ ಬಂಗಾಳದ ವೈದ್ಯ ಇಂದುಮಾಧವ ಮಲ್ಲಿಕ್ ಇಕ್ಮಿಕ್ ಕುಕ್ಕರನ್ನು ರೂಪಿಸಿದ್ದರು. ಎತ್ತರದ ಕೊಳವೆಯಂಥ ಪಾತ್ರೆ, ಅದರೊಳಗೆ ಟಿಫಿನ್ ಕ್ಯಾರಿಯರಿನಂತೆ ಒಂದರ ಮೇಲೊಂದು ಡಬ್ಬಿ, ತಳದಲ್ಲಿ ಇದ್ದಲು. ಅನ್ನ, ಬೇಳೆ, ಪಲ್ಯ ಎಲ್ಲ ಜೋಡಿಸಿಟ್ಟು ಹೊರಗೆ ಹೋದರೆ, ಇದ್ದಲಿನ ಸಣ್ಣ ಕಾವಿನ ಆವಿಯಲ್ಲಿ ಗಂಟೆಗಟ್ಟಲೆ ಬೆಂದು ಊಟ ಸಿದ್ಧ. ಪುರಿ ಜಗನ್ನಾಥ ದೇವಾಲಯದಲ್ಲಿ ಮಡಕೆಯ ಮೇಲೆ ಮಡಕೆ ಇಟ್ಟು ಬೇಯಿಸುವುದನ್ನು ಕಂಡು ಮಲ್ಲಿಕ್‌ಗೆ ಇದು ಹೊಳೆಯಿತೆಂದು ಹೇಳುತ್ತಾರೆ. ಪಟ್ಟಣದಲ್ಲಿ ಒಬ್ಬರೇ ಇದ್ದು ನೌಕರಿ ಮಾಡುವವರಿಗೆ ಅದು ದೇವರು ಕೊಟ್ಟ ವರದಂತಾಯಿತು. ದಕ್ಷಿಣದಲ್ಲಿ ರುಕ್ಮಿಣಿ ಕುಕ್ಕರ್ ಎಂದು ಕರೆಸಿಕೊಂಡ ಇದ್ದಲಿನ ಕುಕ್ಕರೂ ಇದೇ ಜಾತಿಯದು. ಕೆಲವು ಹಳೆಯ ಮನೆಗಳ ಅಟ್ಟದಲ್ಲಿ ಅದರ ಹಿತ್ತಾಳೆಯ ದೇಹ ಈಗಲೂ ಸಿಕ್ಕೀತು.

ಇವನ್ನೆಲ್ಲ ಅಟ್ಟಕ್ಕೆ ಹತ್ತಿಸಿದ್ದು ಪ್ರೆಷರ್ ಕುಕ್ಕರ್. ಅದರ ಮೂಲಪುರುಷ ಫ್ರಾನ್ಸಿನ ಡೆನಿಸ್ ಪಾಪಿನ್. 1679ರಲ್ಲಿ ಲಂಡನ್ನಿನಲ್ಲಿ ಆತ ತೋರಿಸಿದ ಬಿಗಿ ಮುಚ್ಚಳದ ಪಾತ್ರೆಯಲ್ಲಿ ಗಟ್ಟಿ ಮೂಳೆಯೂ ಮೆತ್ತಗಾಗುತ್ತಿತ್ತು. ಪಾತ್ರೆ ಸಿಡಿಯದಿರಲೆಂದು ಆತ ಮಾಡಿದ ಸುರಕ್ಷತಾ ಕವಾಟವೇ ಮುಂದೆ ಉಗಿಯಂತ್ರಗಳಿಗೂ ಬೇಕಾಯಿತು. ಭಾರತದಲ್ಲಿ 1959 ಮುಖ್ಯ ವರ್ಷ. ಬ್ರಿಟಿಷ್ ಕಂಪನಿಗಳ ತಾಂತ್ರಿಕ ಸಹಕಾರ ಪಡೆದ ಹಾಕಿನ್ಸ್ ಆರಂಭವಾದದ್ದು ಆ ವರ್ಷ. ಮದರಾಸಿನ ಟಿ.ಟಿ. ಕೃಷ್ಣಮಾಚಾರಿ ಸಂಸ್ಥೆಯ ಪ್ರೆಸ್ಟೀಜ್ ಕುಕ್ಕರಿನ ಕಾರ್ಖಾನೆ ಬೆಂಗಳೂರಿನಲ್ಲಿ ಆರಂಭವಾದದ್ದೂ ಆಗಲೇ. ಕುಕ್ಕರಿನ ಮಟ್ಟಿಗೆ ಕನ್ನಡನಾಡು ಬರೀ ಗಿರಾಕಿಯಲ್ಲ, ತವರೂ ಹೌದು.

ಪ್ರೆಷರ್ ಕುಕ್ಕರ್ ಗೆದ್ದದ್ದಕ್ಕೆ ಕಾರಣ ಅನ್ನವಲ್ಲ, ಬೇಳೆ. ಅಕ್ಕಿ ತೆರೆದ ಪಾತ್ರೆಯಲ್ಲೂ ಬೇಗ ಬೇಯುತ್ತದೆ. ತೊಗರಿಬೇಳೆ, ಕಡಲೆ, ಹುರುಳಿ ಹಾಗಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಎಷ್ಟು ಸೌದೆ ಉರಿಸಿದರೂ ಅದಕ್ಕಿಂತ ಬಿಸಿಯಾಗದು. ಪ್ರೆಷರ್ ಕುಕ್ಕರಿನೊಳಗೆ ಒತ್ತಡ ಹೆಚ್ಚಿದಾಗ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. ಗಂಟೆಗಟ್ಟಲೆ ಬೇಯುತ್ತಿದ್ದ ಬೇಳೆ ಕಾಲು ಗಂಟೆಯಲ್ಲಿ ಮೆತ್ತಗಾಗುತ್ತದೆ. ಕೆಳಗೆ ಬೇಳೆ, ಮೇಲೆ ಅಕ್ಕಿ, ಅದರ ಮೇಲೊಂದು ಬಟ್ಟಲಿನಲ್ಲಿ ತರಕಾರಿ. ಒಂದೇ ಉರಿಯಲ್ಲಿ ಹುಳಿ ಅನ್ನ ಎರಡೂ ಆದವು. ಸೀಮೆಎಣ್ಣೆಗೆ ಸರತಿ, ಗ್ಯಾಸ್ ಸಂಪರ್ಕಕ್ಕೆ ವರ್ಷಗಟ್ಟಲೆ ಕಾಯುವಿಕೆ ಇದ್ದ ಕಾಲದಲ್ಲಿ ಉರುವಲು ಉಳಿತಾಯವೆಂದರೆ ಸಣ್ಣ ಮಾತಲ್ಲ. ಜಪಾನಿನ ಯಂತ್ರಕ್ಕೆ ಇದು ಸಾಧ್ಯವಿರಲಿಲ್ಲ. ಅದಕ್ಕೆ ಬೇಳೆಯ ಪರಿಚಯವೇ ಇರಲಿಲ್ಲ.

ಇನ್ನು ಕರೆಂಟಿನ ಮಾತು. 1905ರಲ್ಲೇ ಬೆಂಗಳೂರಿನ ಬೀದಿಗೆ ಶಿವನಸಮುದ್ರದ ವಿದ್ಯುದ್ದೀಪ ಬಂದಿತ್ತು ನಿಜ. ಆದರೆ ಜಲವಿದ್ಯುತ್ತನ್ನೇ ಬಹಳವಾಗಿ ನೆಚ್ಚಿದ್ದ ರಾಜ್ಯದಲ್ಲಿ ಮಳೆ ಕೈಕೊಟ್ಟು ಲಿಂಗನಮಕ್ಕಿಯ ನೀರು ಇಳಿದರೆ ಅಡುಗೆಮನೆಯೂ ಕತ್ತಲು. ಹತ್ತು ನಿಮಿಷ ಬೆಂದ ಅಕ್ಕಿಯನ್ನು ಅರ್ಧದಲ್ಲಿ ಬಿಟ್ಟು ಕರೆಂಟು ಹೋದರೆ ಆ ಅನ್ನ ಆಮೇಲೆ ಅನ್ನವಾಗದು. ಲೋಡ್‌ಶೆಡ್ಡಿಂಗ್ ಕಂಡ ಗೃಹಿಣಿ ಕೂಗುವ ಕುಕ್ಕರನ್ನೇ ನಂಬಿದ್ದರಲ್ಲಿ ತಪ್ಪೇನೂ ಇಲ್ಲ.

ಇವೆಲ್ಲಕ್ಕಿಂತ ಆಳವಾದ ಕಾರಣವೊಂದಿದೆ. ಅನ್ನ ಮಾಡುವ ಕ್ರಮಗಳು ಎರಡು. ಅಳತೆಯ ನೀರಿಟ್ಟು ಅಷ್ಟನ್ನೂ ಇಂಗಿಸುವುದು ಒಂದು. ಹೆಚ್ಚು ನೀರಿಟ್ಟು, ಬೆಂದ ಮೇಲೆ ಗಂಜಿ ಬಸಿಯುವುದು ಇನ್ನೊಂದು. ರೈಸ್ ಕುಕ್ಕರಿನ ಬುದ್ಧಿಯೆಲ್ಲ ನಿಂತಿರುವುದು ನೀರು ಪೂರ್ತಿ ಇಂಗುವುದರ ಮೇಲೆ. ಬಸಿಯುವ ಅನ್ನದ ವಿಷಯದಲ್ಲಿ ಅದಕ್ಕೆ ಏನೂ ತಿಳಿಯದು. ಕರಾವಳಿಯ ಕೆಂಪು ಕುಚ್ಚಲಕ್ಕಿಯನ್ನು ಧಾರಾಳ ನೀರಿನಲ್ಲಿ ಬಹಳ ಹೊತ್ತು ಬೇಯಿಸಿ ಬಸಿಯಬೇಕು. ಬಸಿದ ತಿಳಿಯೂ ಅಲ್ಲಿ ಊಟದ ಭಾಗವೇ. ಮಂಗಳೂರು, ಉಡುಪಿಯ ಮನೆಗಳಲ್ಲಿ, ಕೇರಳದಲ್ಲಿ, ಶಾಖ ಹಿಡಿದಿಡುವ ಡಬ್ಬಿಗಳು ಹೆಚ್ಚು ಒಗ್ಗಿದ್ದು ಇದರಿಂದ. ಒಮ್ಮೆ ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಅದರೊಳಗಿಟ್ಟು ಮುಚ್ಚಿದರೆ ಗ್ಯಾಸೂ ಇಲ್ಲದೆ ಕರೆಂಟೂ ಇಲ್ಲದೆ ತನ್ನ ಕಾವಿನಲ್ಲೇ ಬೇಯುತ್ತದೆ. ಬಯಲುಸೀಮೆಯ ರಾಗಿಮುದ್ದೆಗಂತೂ ಹಿಟ್ಟಿನ ಕೋಲು ಹಿಡಿದ ಕೈಯೇ ಬೇಕು.

ರೈಸ್ ಕುಕ್ಕರ್ ದಕ್ಷಿಣ ಭಾರತದಲ್ಲಿ ಬೇರು ಬಿಟ್ಟದ್ದು 1988ರಲ್ಲಿ ಮಾತ್ಸುಶಿತಾದ ಭಾರತೀಯ ಕಂಪನಿ ಮದರಾಸಿನಲ್ಲಿ ಸ್ಥಾಪನೆಯಾದ ಮೇಲೆ. ಮೊದಲು ಅದನ್ನು ಹಚ್ಚಿಕೊಂಡವರು ದೊಡ್ಡ ಸಂಸಾರದ ಮನೆಗಳಿಗಿಂತ ಹೆಚ್ಚಾಗಿ ಒಂಟಿ ಬಾಳುವವರು. ಬೆಂಗಳೂರಿನ ಬಾಡಿಗೆ ಕೋಣೆಯ ನೌಕರರು, ಅಮೆರಿಕಕ್ಕೆ ಓದಲು ಹೋದ ಹುಡುಗ ಹುಡುಗಿಯರು. ಒಲೆಯಿಲ್ಲದ ಕೋಣೆಯಲ್ಲಿ ಅನ್ನದ ಜೊತೆಗೆ ಬಿಸಿಬೇಳೆಭಾತ್, ಉಪ್ಪಿಟ್ಟು, ಮ್ಯಾಗಿಯನ್ನೂ ಅದೇ ಪಾತ್ರೆಯಲ್ಲಿ ಮಾಡಿಕೊಂಡು ದಿನ ದೂಡಿದವರು ಎಷ್ಟೋ. ಒಂದು ಕಾಲಕ್ಕೆ ಇಕ್ಮಿಕ್ ಕುಕ್ಕರನ್ನು ಕೊಂಡವರೂ ಇಂಥವರೇ ಅಲ್ಲವೆ?

ಅನ್ನದ ಮಾತು ಹೀಗಾದರೆ, ದೋಸೆ ಇಡ್ಲಿಯ ನಾಡಿನಲ್ಲಿ ನಿಜವಾದ ಬೆವರು ಸುರಿದದ್ದು ಒರಳುಕಲ್ಲಿನ ಮುಂದೆ. ಇದಕ್ಕೆ ಜಪಾನೂ ಯುರೋಪೂ ಉತ್ತರ ಕೊಡುವಂತಿರಲಿಲ್ಲ, ಉತ್ತರ ಇಲ್ಲೇ ಹುಟ್ಟಬೇಕಿತ್ತು. 1955ರಲ್ಲಿ, ಅಂದರೆ ತೋಷಿಬಾದ ಕುಕ್ಕರ್ ಬಂದ ವರ್ಷವೇ, ಕೊಯಮತ್ತೂರಿನ ಸಭಾಪತಿ ಎಂಬವರು ಒರಳಿಗೆ ಮೋಟಾರು ಜೋಡಿಸಿದ ವೆಟ್ ಗ್ರೈಂಡರ್ ತಯಾರಿಸಿದರು. ಕೈಯಿಂದ ರುಬ್ಬುವಾಗ ಗುಂಡು ತಿರುಗುತ್ತಿತ್ತು, ಒರಳು ಕೂತಿರುತ್ತಿತ್ತು. ಗ್ರೈಂಡರಿನಲ್ಲಿ ಒರಳು ತಿರುಗುತ್ತದೆ, ಗುಂಡು ಕೂತಲ್ಲೇ ಇರುತ್ತದೆ. ಮೊದಮೊದಲು ಹೋಟೆಲುಗಳಿಗೆ ಸೇರಿದ ಈ ಯಂತ್ರ ಕ್ರಮೇಣ ಮೇಜಿನ ಮೇಲೆ ಇಡುವಷ್ಟು ಚಿಕ್ಕದಾಯಿತು. ಕೊಯಮತ್ತೂರಿನ ವೆಟ್ ಗ್ರೈಂಡರಿಗೆ ಮೈಸೂರು ರೇಷ್ಮೆಯಂತೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ.

ಮಿಕ್ಸಿಯ ಕಥೆ ಬೇರೆ. ವಿದೇಶದ ಮಿಕ್ಸರುಗಳು ಹಣ್ಣಿನ ರಸ, ಕೇಕಿನ ಹಿಟ್ಟಿಗೆಂದು ಮಾಡಿದವು. ಒಣ ಅರಿಸಿನ, ಕೊಬ್ಬರಿ, ನೆನೆದ ಅಕ್ಕಿ ಹಾಕಿದರೆ ಮೋಟಾರು ಸುಟ್ಟುಹೋಗುತ್ತಿತ್ತು. ಮುಂಬಯಿಯ ಮಾಧುರಿ ಮಾಥುರ್ ಅವರ ಜರ್ಮನ್ ಮಿಕ್ಸರ್ ಕೆಟ್ಟು ಕೂತಾಗ, ಸೀಮೆನ್ಸ್‌ನಲ್ಲಿ ಎಂಜಿನಿಯರಾಗಿದ್ದ ಅವರ ಪತಿ ಸತ್ಯಪ್ರಕಾಶ್ ಮಾಥುರ್ ನಮ್ಮ ಮಸಾಲೆಗೆ ತಡೆಯುವ ಮೋಟಾರನ್ನೇ ಮಾಡಲು ಹೊರಟರು. 1960ರ ದಶಕದ ಆ ಪ್ರಯತ್ನದಿಂದ ಬಂದದ್ದು ಸುಮೀತ್. ಒಂದು ಕಾಲಕ್ಕೆ ಮಿಕ್ಸಿ ಎಂದರೆ ಸುಮೀತ್ ಎನ್ನುವಷ್ಟು ಆ ಹೆಸರು ನಡೆಯಿತು. ಚಟ್ನಿಗೆ, ಸಾರಿನಪುಡಿಗೆ ಮಿಕ್ಸಿ ಸರಿ. ಉದ್ದಿನಹಿಟ್ಟಿಗೆ ಮಾತ್ರ ಗ್ರೈಂಡರೇ ಮೇಲು ಎನ್ನುವ ಹಿರಿಯರ ಮಾತು ಹಟವಲ್ಲ. ಮಿಕ್ಸಿಯ ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತಿ ಹಿಟ್ಟನ್ನು ಬಿಸಿ ಮಾಡುತ್ತದೆ. ಕಲ್ಲು ನಿಧಾನವಾಗಿ ತಿರುಗಿ ಹಿಟ್ಟಿನೊಳಗೆ ಗಾಳಿ ತುಂಬುತ್ತದೆ, ಹಿಟ್ಟು ಒದಗುತ್ತದೆ. ಈಗ ಪ್ಯಾಕೆಟ್ ಹಿಟ್ಟೇ ಬೀದಿಬೀದಿಯಲ್ಲಿ ಸಿಗುವುದರಿಂದ ಗ್ರೈಂಡರೂ ಕೆಲವು ಮನೆಗಳಲ್ಲಿ ಬಟ್ಟೆ ಹೊದ್ದು ಮೂಲೆ ಸೇರಿದೆ. ಈ ಹಿಟ್ಟಿನ ವ್ಯಾಪಾರದಲ್ಲಿ ಹೆಸರಾದ ಐಡಿ ಕಂಪನಿ 2005ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ.

ಇಷ್ಟೆಲ್ಲ ಯಂತ್ರ ಬಂದ ಮೇಲೆ ಹೆಂಗಸರಿಗೆ ಎಷ್ಟು ಬಿಡುವು ಸಿಕ್ಕಿತು? ಈ ಪ್ರಶ್ನೆಯನ್ನು ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಒಂದು ಪುಸ್ತಕದಲ್ಲಿ ಎತ್ತಿದರು. ಅವರಿಗೆ ಸಿಕ್ಕ ಉತ್ತರ ಕಹಿಯಾಗಿತ್ತು. ಒಗೆಯುವ ಯಂತ್ರ ಬಂದ ಮೇಲೆ ಅಗಸರು, ಕೆಲಸದವರು ಮಾಡುತ್ತಿದ್ದುದೂ ಗೃಹಿಣಿಯ ಪಾಲಿಗೆ ಬಂತು. ಸ್ವಚ್ಛತೆಯ ನಿರೀಕ್ಷೆ ಏರಿತು. ಗಂಡಸರು, ಮಕ್ಕಳು ಮಾಡುತ್ತಿದ್ದ ಸೌದೆ ಒಡೆಯುವಂಥ ಕೆಲಸ ಮಾತ್ರ ತಪ್ಪಿತು. ಭಾರತದ ಅಂಕಿಅಂಶಗಳೂ ಯೋಚಿಸುವಂತಿವೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆದರೆ, ಆ ಕೆಲಸ ಮಾಡುವ ಗಂಡಸರು ಕಳೆದದ್ದು 97 ನಿಮಿಷ. ಮಾಡದ ಗಂಡಸರು ಈ ಲೆಕ್ಕದಲ್ಲೇ ಇಲ್ಲ. ಇಡ್ಲಿ ಹಬ್ಬಕ್ಕೊಮ್ಮೆ ಆಗುತ್ತಿದ್ದ ಮನೆಯಲ್ಲಿ ಗ್ರೈಂಡರ್ ಬಂದ ಮೇಲೆ ವಾರಕ್ಕೆ ಮೂರು ದಿನ ಇಡ್ಲಿಯ ಬೇಡಿಕೆ ಬಂತು.

ಆದರೂ ಯಂತ್ರ ಬೇಡವೆನ್ನುವ ಮಾತನ್ನು ಒರಳು ತಿರುವಿದವರು ಆಡುವುದಿಲ್ಲ. ರಟ್ಟೆ ನೋಯಿಸಿಕೊಂಡು ಕಳೆದ ಒಂದು ಗಂಟೆಗೂ ಗುಂಡಿ ಒತ್ತಿ ಕಳೆದ ಒಂದು ಗಂಟೆಗೂ ಅಜಗಜಾಂತರ. ಹೊಗೆಯ ವಿಷಯದಲ್ಲಂತೂ ಇದು ಜೀವದ ಪ್ರಶ್ನೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆಯ ಗುರಿಯೂ ಅದೇ ಆಗಿತ್ತು: ಸೌದೆ ಕಡಿಮೆ ಬೇಕು, ಹೊಗೆ ಕೊಳವೆಯ ಮೂಲಕ ಹೊರಗೆ ಹೋಗಬೇಕು. ಗೃಹೋಪಕರಣ ಮತಪೆಟ್ಟಿಗೆಗೂ ತಲುಪಿತು. 2011ರಲ್ಲಿ ತಮಿಳುನಾಡು ಸರಕಾರ ಮಿಕ್ಸಿ, ಗ್ರೈಂಡರ್, ಫ್ಯಾನುಗಳನ್ನು ಪುಕ್ಕಟೆ ಹಂಚಲು ಹೊರಟಾಗ ಅದನ್ನು ಹಂಗಿಸಿದವರಲ್ಲಿ ರುಬ್ಬಿ ಅಭ್ಯಾಸವಿದ್ದವರು ಎಷ್ಟಿದ್ದರೋ!

ಹಾಗಾದರೆ ಇಂದು ಕೊಳ್ಳಲು ಹೊರಟವರು ಏನು ನೋಡಬೇಕು? ಮೊದಲು ನೋಡಬೇಕಾದ್ದು ಮನೆಯ ಊಟವನ್ನು, ಅಂಗಡಿಯ ಫಲಕವನ್ನಲ್ಲ. ದಿನವೂ ಬೇಳೆ ಬೇಯುವ ಮನೆಗೆ ಪ್ರೆಷರ್ ಕುಕ್ಕರ್ ಇದ್ದೇ ತೀರಬೇಕು. ಅನ್ನಕ್ಕೊಂದು ಬೇರೆ ಪಾತ್ರೆ ಬೇಕೆ ಎಂಬುದು ಆಮೇಲಿನ ಮಾತು. ಕುಚ್ಚಲಕ್ಕಿಯವರು ರೈಸ್ ಕುಕ್ಕರಿಗೆ ದುಡ್ಡು ಹಾಕುವ ಮೊದಲು ಎರಡು ಸಲ ಯೋಚಿಸುವುದು ಲೇಸು. ಸೋನಾ ಮಸೂರಿಯ ಮನೆಗಳಲ್ಲಿ, ಬೆಳಗ್ಗೆ ಎರಡು ಒಲೆಗಳೂ ತುಂಬಿರುವಾಗ, ಅದು ನಿಜವಾದ ಮೂರನೆಯ ಒಲೆ. ಪ್ರೆಷರ್ ಕುಕ್ಕರಿಗೆ ಐಎಸ್ಐ ಗುರುತನ್ನು ಸರಕಾರವೇ ಕಡ್ಡಾಯ ಮಾಡಿದೆ. ಗ್ಯಾಸ್ಕೆಟ್, ಸುರಕ್ಷತಾ ಕವಾಟಗಳನ್ನು ಬದಲಿಸುವಾಗ ಅಗ್ಗದ ನಕಲಿಗೆ ಕೈಹಾಕುವುದು ಪಾಪಿನ್ ಕಾಲದ ಅಪಾಯವನ್ನು ಮನೆಗೆ ಕರೆದಂತೆ.

ರೈಸ್ ಕುಕ್ಕರಿನ ಗಾತ್ರದಲ್ಲಿ ಮೋಸಹೋಗುವವರು ಹೆಚ್ಚು. ಕೆಲವು ಕಂಪನಿಗಳು ಬರೆಯುವ ಲೀಟರು ಹಸಿ ಅಕ್ಕಿಯ ಅಳತೆ, ಮತ್ತೆ ಕೆಲವರದು ಪಾತ್ರೆಯ ಒಟ್ಟು ಹಿಡಿತ. ಎರಡರಲ್ಲೂ 1.8 ಎಂದೇ ಬರೆದಿದ್ದರೂ ಒಂದರಲ್ಲಿ ಹತ್ತು ಜನರ ಅನ್ನವಾದರೆ ಇನ್ನೊಂದರಲ್ಲಿ ನಾಲ್ಕೈದು ಜನರದ್ದು. ಎಷ್ಟು ಅಕ್ಕಿ ಹಿಡಿಯುತ್ತದೆ ಎಂದೇ ಕೇಳಬೇಕು. ವಿದ್ಯುತ್ತಿನ ಭಯ ಅಷ್ಟು ಬೇಡ. 700 ವಾಟಿನ ಕುಕ್ಕರ್ ಅರ್ಧ ಗಂಟೆ ಉರಿದರೆ ಮೂರನೆಯ ಒಂದು ಯೂನಿಟ್ಟಿನಷ್ಟು ಖರ್ಚು. ಅನ್ನವನ್ನು ಬಿಸಿಯಾಗಿಡುವ ಸೌಕರ್ಯ ಒಳ್ಳೆಯದೇ, ಆದರೆ ಬೆಳಗಿನ ಅನ್ನವನ್ನು ರಾತ್ರಿಯವರೆಗೂ ಅದರಲ್ಲೇ ಇಟ್ಟರೆ ಒಣಗಿ ಹಳದಿಗಟ್ಟುತ್ತದೆ. ಅಂಟದ ಲೇಪನದ ಪಾತ್ರೆಗೆ ಸ್ಟೀಲ್ ಸೌಟು ಹಾಕಿದರೆ ಲೇಪನ ಹೆಚ್ಚು ಕಾಲ ಉಳಿಯದು. ಮೈಕ್ರೋಪ್ರೊಸೆಸರ್, ಇಂಡಕ್ಷನ್ ಶಾಖದ ದುಬಾರಿ ಮಾದರಿಗಳೂ ಬಂದಿವೆ. ಮಾತ್ಸುಶಿತಾ 1988ರಲ್ಲೇ ಇಂಡಕ್ಷನ್ ಕುಕ್ಕರ್ ತಂದಿತ್ತು. ಅಂಟಂಟಾದ ಜಪಾನೀ ಅಕ್ಕಿಯ ರುಚಿಭೇದಕ್ಕೆಂದು ಮಾಡಿದ ಆ ಸೂಕ್ಷ್ಮಗಳು ಸಾರಿನೊಂದಿಗೆ ಕಲಸಿ ಉಣ್ಣುವ ನಮ್ಮ ಉದುರುದುರಾದ ಅನ್ನಕ್ಕೆ ಅಷ್ಟಾಗಿ ಬೇಕಿಲ್ಲ.

ತಳದ ಆ ಗುಂಡು ಬಿಲ್ಲೆಯ ಮೇಲೆ ಅನ್ನದ ಅಗುಳು ಬಿದ್ದು ಒಣಗಿದ್ದರೆ ಪಾತ್ರೆ ಸರಿಯಾಗಿ ತಾಗದೆ ಕುಕ್ಕರ್ ಹೊತ್ತಿಗೆ ಮುಂಚೆಯೇ ನಿಲ್ಲುತ್ತದೆ, ಇಲ್ಲವೇ ಅನ್ನ ಸೀಯುತ್ತದೆ. ರಿಪೇರಿಗೆಂದು ಹೊತ್ತೊಯ್ಯುವ ಮುಂಚೆ ತಂತಿ ಕಳಚಿ ಅದನ್ನೊಮ್ಮೆ ಒರೆಸಿ ನೋಡಬಹುದು. ಇನ್ನು ಆ 180 ಮಿಲಿಲೀಟರಿನ ಲೋಟ ಕಳೆದುಹೋದರೂ ಚಿಂತೆಯಿಲ್ಲ. ಒಳಪಾತ್ರೆಯ ಗೆರೆಗಳು ಆ ಲೋಟದ ಲೆಕ್ಕದವು, ಅವನ್ನು ಮರೆತು, ಮನೆಯ ಯಾವುದೇ ಒಂದು ಲೋಟದಲ್ಲಿ ಅಕ್ಕಿಯನ್ನೂ ನೀರನ್ನೂ ಅಳೆದರೆ ಸಾಕು. ಹಳೆಯ ಅಕ್ಕಿಗೆ ನೀರು ಸ್ವಲ್ಪ ಹೆಚ್ಚು, ಹೊಸ ಅಕ್ಕಿಗೆ ಕಡಿಮೆ. ಇದನ್ನು ಮಾತ್ರ ಯಾವ ಯಂತ್ರವೂ ಇನ್ನೂ ತಾನಾಗಿ ಹೇಳುತ್ತಿಲ್ಲ.